ತಿಪ್ಪೇರುದ್ರಮ್ಮ ಹೇಳದ ಹೆಸರು

ಸಂಜೆ ಹೊತ್ತು ಕುರಿಗಳು ಬರುವ ಮೊದಲು ಅವುಗಳ ಧೂಳು ಬರುತ್ತದೆ. ಕೂಡ್ಲಿಗಿಯಿಂದ ಉಜ್ಜಿನಿಯ ಕಡೆ ಹೋಗುವ ದಾರಿಯಲ್ಲಿ, ಡಾಂಬರು ಬಿಟ್ಟು ಅರ್ಧ ಮೈಲಿ ಒಳಗಿರುವ ಹಟ್ಟಿಯಲ್ಲಿ, ತಿಪ್ಪೇರುದ್ರಮ್ಮ ಮದುವೆಯಾಗಿ ಬಂದ ವರ್ಷದಿಂದ ಆ ಧೂಳನ್ನು ಎದುರುಗೊಳ್ಳುತ್ತ ಬಂದವಳು. ಜಾಲಿಮುಳ್ಳಿನ ಬೇಲಿ ಕಟ್ಟಿದ ಕುರಿರೊಪ್ಪ, ಅದಕ್ಕೆ ಎರಡು ಕುರಿ ಜೋಡಿಯಾಗಿ ನುಗ್ಗಲಾರದಷ್ಟು ಕಿರಿದಾದ ಬಾಗಿಲು, ಬಾಗಿಲ ಎಡಕ್ಕೆ ಒಂದು ಚಪ್ಪಟೆ ಕಲ್ಲು. ಆ ಕಲ್ಲು ಹತ್ತಿ ನಿಂತರೆ ಅವಳಿಗೆ ಬೇರೆ ಲೋಕ ಇರುವುದಿಲ್ಲ. ಕುರಿಗಳು ಒಂದೊಂದಾಗಿ ಒಳಗೆ ಹೋಗುತ್ತವೆ, ಅವಳು ನೋಡುತ್ತಾಳೆ, ಅಷ್ಟೇ.

ಎಣಿಸುವುದಿಲ್ಲ. ಬಾಯಿಬಿಟ್ಟು ಲೆಕ್ಕ ಹೇಳಿದರೆ ಕುರಿಗೆ ದೃಷ್ಟಿ ತಾಗುತ್ತದೆಂದು ಆ ಮನೆಯವರು ಹಿಂದಿನಿಂದಲೂ ನಂಬಿಕೊಂಡು ಬಂದಿದ್ದಾರೆ. ಅವಳು ಮುಖ ನೋಡುತ್ತಾಳೆ. ಕೊನೆಯ ಮರಿ ಒಳಗೆ ಹೋದ ಮೇಲೆ, "ಮುರುಕಿವಿ ಬಂದಿಲ್ಲ, ಹಳ್ಳದ ಕಡಿ ನೋಡು," ಎನ್ನುತ್ತಾಳೆ. ಮಗ ಓಬಳೇಶ್ ಹಳ್ಳದ ಕಡೆ ಹೋದರೆ ಕಿವಿ ಮುರಿದ ಆ ಕುರಿ ಅಲ್ಲೇ ಹಾಯಾಗಿ ಸೊಪ್ಪು ಕಡಿಯುತ್ತ ನಿಂತಿರುತ್ತದೆ. ಹಟ್ಟಿಯವರಿಗೆ ಇದೊಂದು ಸೋಜಿಗವೂ ಅಲ್ಲ, ಬೆಳಗಾದರೆ ಸೂರ್ಯ ಹುಟ್ಟಿದ ಹಾಗೆ ಸಂಜೆಯಾದರೆ ತಿಪ್ಪೇರುದ್ರಮ್ಮ.

ಅವಳ ವಯಸ್ಸು ಎಪ್ಪತ್ತನಾಲ್ಕೋ ಎಪ್ಪತ್ತಾರೋ ಹೇಳುವವರಿಲ್ಲ. ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಎಂದಿದೆ. ಈ ಸೀಮೆಯ ಮುದುಕರಲ್ಲಿ ಅರ್ಧಕ್ಕರ್ಧ ಜನ ಜನವರಿ ಒಂದರಂದೇ ಹುಟ್ಟಿದವರು, ಆ ದಿನ ಸೂಲಗಿತ್ತಿಯರಿಗೆ ಎಷ್ಟು ಕೆಲಸವಿತ್ತೋ ಏನೋ. ತೆಲಿಗಿ ಅವಳ ತವರು. ಅಲ್ಲಿಂದ ಲಂಗ ದಾವಣಿ ಬಿಟ್ಟು ಸೀರೆ ಉಟ್ಟ ವರ್ಷವೇ ಕರಿಸಿದ್ದಪ್ಪನ ಹೆಂಡತಿಯಾಗಿ ಬಂದಳು. ಈ ಹೆಸರನ್ನು ನಾವು ನೀವು ಹೇಳಬಹುದು, ಅವಳು ಹೇಳುವಂತಿಲ್ಲ. ಮದುವೆಯ ಮನೆಯಲ್ಲಿ ಹೆಂಗಸರೆಲ್ಲ ಸುತ್ತುಗಟ್ಟಿ, ಒಡಪು ಹೇಳಿ ಗಂಡನ ಹೆಸರು ಹೇಳು ಎಂದು ಪೀಡಿಸಿದರು. ಮೊಣಕಾಲಲ್ಲಿ ಮುಖ ಮುಚ್ಚಿಕೊಂಡಳೇ ಹೊರತು ತುಟಿ ಬಿಚ್ಚಲಿಲ್ಲ. ಕೊನೆಗೆ ನಾದಿನಿಯೇ ಹೇಳಿ ಅವಳನ್ನು ಬಿಡಿಸಿಕೊಂಡಳು.

ಅಲ್ಲಿಂದ ಮುಂದೆ ಆ ಹೆಸರು ಹೇಳಬೇಕಾದಲ್ಲೆಲ್ಲ ಅವಳು ಪಕ್ಕದವರ ಮುಖ ನೋಡಿದಳು, ಪಕ್ಕದವರು ಹೇಳಿದರು. ಮೊದಲು ನಾದಿನಿ, ಆಮೇಲೆ ಅತ್ತೆ, ಆಮೇಲೆ ಮಗಳು ರೇಣುಕಾ. ರೇಷನ್ ಕಾರ್ಡು, ವೋಟರ್ ಲಿಸ್ಟು, ಪಿಂಚಣಿ ಅರ್ಜಿ, ಎಲ್ಲ ಕಡೆಯೂ ರೇಣುಕಾಳೇ ಹೇಳಿದ್ದು. ರೇಣುಕಾಳನ್ನು ಹಟ್ಟಿಯಲ್ಲೇ ಸೋದರತ್ತೆಯ ಮಗನಿಗೆ ಕೊಟ್ಟಿದ್ದರಿಂದ ಅವಳ ಮನೆ ತವರಿನಿಂದ ಎರಡು ಮನೆ ಆಚೆ, ಕೂಗಿದರೆ ಓಗೊಡುವಷ್ಟು ದೂರ. ಕರಿಸಿದ್ದಪ್ಪ ತೀರಿಕೊಂಡು ಹದಿನಾರು ವರ್ಷವಾಯಿತು. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುವ ಹೆದರಿಕೆಗೆ ಈಗ ಅರ್ಥವೇ ಇಲ್ಲ. ಆದರೆ ರೂಢಿಗೆ ಅರ್ಥ ಯಾರಿಗೆ ಬೇಕು? ಅವಳು ಹೇಳಲಿಲ್ಲ.

ಆ ಗಂಡನ ಜೊತೆ ಅವಳು ನಡೆದ ನಡಿಗೆ ಸಣ್ಣದಲ್ಲ. ಸುಗ್ಗಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ಹಗರಿಬೊಮ್ಮನಹಳ್ಳಿ ದಾಟಿ ಹಡಗಲಿಯ ಎರೆಹೊಲಗಳವರೆಗೆ ಹೋಗುತ್ತಿದ್ದರು. ಹೊಲದವರು ಗೊಬ್ಬರಕ್ಕೆಂದು ರಾತ್ರಿ ತಮ್ಮ ಹೊಲದಲ್ಲೇ ಕುರಿ ತರುಬಿಸಿಕೊಂಡು ಜೋಳ ಅಳೆದು ಕೊಡುತ್ತಿದ್ದರು. ಮುಂದೆ ಕಂಬಳಿ ಹೆಗಲಿಗೆ ಹಾಕಿಕೊಂಡು ಅವನು, ಹಿಂದೆ ಕಂಕುಳಲ್ಲಿ ಅಂದೇ ಹುಟ್ಟಿದ ಮರಿ ಇಟ್ಟುಕೊಂಡು ಅವಳು, ನಡುವೆ ಕುರಿಗಳು. ನಡೆಯುತ್ತ ನಡೆಯುತ್ತ ಅವನು ಹಿಂದೆ ತಿರುಗದೆಯೇ, "ಕರಿಮೂತಿ ಕುಂಟಾಕತ್ತೈತಿ ನೋಡು," ಎನ್ನುತ್ತಿದ್ದ. ಕಾಲಿನ ಸಪ್ಪಳದಲ್ಲೇ ಅವನಿಗೆ ತಿಳಿಯುತ್ತಿತ್ತು. ಅವಳು ಮುಖ ಕಲಿತದ್ದು ಆಗ.

ಹೋದ ವರ್ಷ ಬೇಸಗೆ ಕಳೆಯುವ ಹೊತ್ತಿಗೆ ಅವಳ ದಿನಗಳು ಒಂದರೊಳಗೊಂದು ಬೆರೆಯತೊಡಗಿದವು. ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತರೆ ಬೇವಿನ ನೆರಳು ಕಾಲ ಮೇಲಿಂದ ಹಾದು ಗೋಡೆ ಹತ್ತುತ್ತಿತ್ತು, ಅಷ್ಟರಲ್ಲಿ ಅವಳು ಕೂತಲ್ಲೇ ಗಂಡನ ಹಿಂದೆ ಹಡಗಲಿಗೆ ಹೋಗಿ ಬಂದಿರುತ್ತಿದ್ದಳು. ಅಲ್ಲಿಯ ಹೊಳೆಯ ತಂಪು ಗಾಳಿ ನಿಜವಾಗಿ ಕೆನ್ನೆಗೆ ತಾಗುತ್ತಿತ್ತು. ಅದು ಹಿತವಾಗಿಯೇ ಇತ್ತು, ಸುಳ್ಳು ಹೇಳಬಾರದು. ಚಹಾಕ್ಕೆ ಉಪ್ಪು ಹಾಕಿದ ದಿನ ಎಲ್ಲರೂ ನಕ್ಕರು, ಅವಳೂ ನಕ್ಕಳು. ರೇಣುಕಾಳನ್ನು ಸತ್ತ ತಂಗಿಯ ಹೆಸರಿನಿಂದ ಕರೆದಾಗ ಯಾರೂ ನಗಲಿಲ್ಲ.

ಆಮೇಲೆ ಆ ಸಂಜೆ. ಕುರಿಗಳೆಲ್ಲ ಒಳಗೆ ಹೋದ ಮೇಲೆ, "ಎಲ್ಲಾ ಬಂದಾವ, ಬಾಗ್ಲ ಹಾಕು," ಎಂದಳು. ಓಬಳೇಶ್ ಮುಳ್ಳು ಎಳೆದು ಬಾಗಿಲು ಮುಚ್ಚಿದ. ಬೆಳಿಗ್ಗೆ ಎರಡು ತಾಯಿಕುರಿಗಳು ಕೆಚ್ಚಲು ಬಿಗಿದು ಅರಚುತ್ತಿದ್ದವು, ಅವುಗಳ ಮರಿಗಳಿರಲಿಲ್ಲ. ಹಳ್ಳದ ಮರಳಿನಲ್ಲಿ ತೋಳದ ಹೆಜ್ಜೆಗಳಿದ್ದವು. ಓಬಳೇಶ್ ತಾಯಿಯ ಎದುರೇ ಬೇಲಿಯ ಮುಳ್ಳು ಬಿಗಿಮಾಡತೊಡಗಿದ. ಬೈದಿದ್ದರೆ ಎಷ್ಟೋ ಮೇಲಿತ್ತು.

ಊರಿನ ನಿವೃತ್ತ ಅಂಚೆ ಪೇದೆ ಪಾಲಾಕ್ಷಪ್ಪನಿಗೆ ಎಲ್ಲ ಗೊತ್ತಿರುತ್ತದೆ. ಹರಪನಹಳ್ಳಿಯಲ್ಲಿ ಯಾವುದೋ ಸಂಸ್ಥೆಯವರು ಹಿರಿಯರಿಗೆ ಮರೆವಿನ ತಪಾಸಣೆ ಶಿಬಿರ ಇಟ್ಟಿದ್ದಾರೆಂದು ಅವನೇ ಸುದ್ದಿ ತಂದ, ಅವನೇ ತಾಯಿ ಮಗಳ ಜೊತೆಗೆ ಹೊರಟ. ಶಿಬಿರದಲ್ಲಿ ಬಿಳಿ ಕೋಟಿನ ಯುವತಿಯೊಬ್ಬಳು ಕಾಗದ ಹಿಡಿದು ಕೂತಿದ್ದಳು. ಅವಳ ಮುಂದೆ ಸಾಲು ಬಾಗಿಲಾಚೆಗೂ ಬೆಳೆದಿತ್ತು.

"ಅಜ್ಜಿ, ಇವತ್ತು ತಾರೀಖು ಎಷ್ಟು?"

"ಉತ್ತರಿ ಮಳಿ ಹುಟ್ಟಿ ನಾಕು ದಿನ ಆತು ನೋಡವ್ವ."

ಮಳೆನಕ್ಷತ್ರದ ಲೆಕ್ಕಕ್ಕೆ ಕಾಗದದಲ್ಲಿ ಜಾಗವಿರಲಿಲ್ಲ, ಯುವತಿ ತಪ್ಪು ಗುರುತು ಹಾಕಿದಳು. "ಇದು ಯಾವ ಜಿಲ್ಲೆ?"

"ಬಳ್ಳಾರಿ."

ಮತ್ತೆ ತಪ್ಪು. ಹರಪನಹಳ್ಳಿ ಬಳ್ಳಾರಿಯಲ್ಲಿತ್ತು, ದಾವಣಗೆರೆಗೆ ಹೋಯಿತು, ಮರಳಿ ಬಳ್ಳಾರಿಗೆ ಬಂತು, ಈಗ ವಿಜಯನಗರದಲ್ಲಿದೆ. ಊರು ಕೂತಲ್ಲೇ ಕೂತಿದೆ, ಜಿಲ್ಲೆಗಳು ಅದರ ಮೇಲೆ ಹಾದುಹೋಗಿವೆ. ಪಕ್ಕದಲ್ಲಿದ್ದ ಪಾಲಾಕ್ಷಪ್ಪನನ್ನು ಕೇಳಿದ್ದರೆ ದಾವಣಗೆರೆ ಎನ್ನುತ್ತಿದ್ದ, ಅವನಿಗೂ ತಪ್ಪು ಬೀಳುತ್ತಿತ್ತು.

ನೂರರಲ್ಲಿ ಏಳು ಕಳೆಯಿರಿ ಎಂದಾಗ ಅವಳು ಇಪ್ಪತ್ತು ಇಪ್ಪತ್ತರ ಗುಂಪು ಮಾಡಿಕೊಂಡು ಬೆರಳು ಮಡಚತೊಡಗಿದಳು. ಬೆರಳು ಮಡಚಿ ಮುಗಿಯುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು. ಗಡಿಯಾರದ ಚಿತ್ರ ಬರೆಯಿರಿ ಎಂದು ಪೆನ್ನು ಕೊಟ್ಟಾಗ, ಹೆಬ್ಬೆಟ್ಟಿಗೆ ಮಸಿ ಹಚ್ಚಿ ಅಭ್ಯಾಸವಿದ್ದ ಅವಳು ಪೆನ್ನನ್ನು ಊದುಬತ್ತಿಯಂತೆ ಹಿಡಿದು ಸುಮ್ಮನೆ ಕೂತಳು. ಮನೆಯಲ್ಲಿ ಕುರಿ ಎಷ್ಟಿವೆ ಎಂದು ಕೇಳಿದರೆ, "ದೇವ್ರು ಕೊಟ್ಟಷ್ಟು ಅದಾವ," ಎಂದಳು. ಕಡೆಗೆ ಯುವತಿ, "ಯಜಮಾನರ ಹೆಸರು?" ಎಂದಳು.

ತಿಪ್ಪೇರುದ್ರಮ್ಮ ಮುಖ ತಿರುಗಿಸಿ ಮಗಳನ್ನು ನೋಡಿದಳು. ರೇಣುಕಾ, "ಕರಿಸಿದ್ದಪ್ಪ ಅಂತರಿ," ಎಂದಳು. ಯುವತಿ ತಪ್ಪು ಗುರುತು ಹಾಕಿದ್ದಲ್ಲದೆ ಪಕ್ಕದಲ್ಲಿ ಇನ್ನೇನೋ ಒಂದು ಸಾಲು ಬರೆದಳು.

ಮೂವತ್ತಕ್ಕೆ ಹನ್ನೊಂದು ಅಂಕ. ಮರೆವಿನ ಕಾಯಿಲೆ ಜೋರಾಗಿದೆ, ದಾವಣಗೆರೆಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿ ಎಂದು ಕಾಗದದಲ್ಲಿತ್ತು. ಬಸ್ಸಿನಲ್ಲಿ ಪಾಲಾಕ್ಷಪ್ಪ ಅದನ್ನು ಮೂರು ಸಲ ಗಟ್ಟಿಯಾಗಿ ಓದಿದ. ಮನೆಗೆ ಬಂದ ಮೇಲೆ ಓಬಳೇಶ್ ನೆಲ ನೋಡುತ್ತ ಹೇಳಿದ, "ಇನ್ನ ಮ್ಯಾಲ ನೀ ರೊಪ್ಪದ ಬಾಗಿಲಿಗೆ ಬರಬ್ಯಾಡವ್ವ. ಮನ್ಯಾಗ ಆರಾಮ ಇರು."

ಅವತ್ತಿನಿಂದ ಸಂಜೆ ಧೂಳು ಎದ್ದರೆ ಅವಳು ಕಟ್ಟೆಯ ಮೇಲೆ ರೊಪ್ಪಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ಗೊರಸಿನ ಸದ್ದು, ಮರಿಗಳ ಅರಚಾಟ ಬೆನ್ನಿಗೆ ಬಂದು ಬಡಿಯುತ್ತಿದ್ದವು. ಕಣ್ಣು ಮುಚ್ಚಿದರೆ ಕುರಿಗಳು ಒಂದೊಂದಾಗಿ ಒಳಗೆ ಹೋಗುವುದು ಕಾಣುತ್ತಿತ್ತು, ಆದರೆ ಅವು ಈಗಿನ ಕುರಿಗಳೋ ನಲವತ್ತು ವರ್ಷದ ಹಿಂದಿನವೋ ಹೇಳಲಾಗುತ್ತಿರಲಿಲ್ಲ. ಎದೆಯಲ್ಲಿ ಒಂದು ಸಂಕಟ ಮಾತ್ರ ಈಗಿನದೇ. ಉಣ್ಣುವುದನ್ನೂ ಅರ್ಧಕ್ಕೆ ಬಿಟ್ಟಳು.

ಅದನ್ನು ನೋಡಿ ರೇಣುಕಾಳಿಗೆ ತಡೆಯಲಾಗಲಿಲ್ಲ. ಕೂಡ್ಲಿಗಿಯ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮಾತ್ರ ಬರುವ ಡಾಕ್ಟರು ಒಬ್ಬರಿದ್ದರು, ಗೀತಾಂಜಲಿ ಅಂತ. ಅಣ್ಣ ಓಬಳೇಶನನ್ನೂ ಅವ್ವನನ್ನೂ ಕರೆದುಕೊಂಡು ಹೋದಳು. ಡಾಕ್ಟರು ಶಿಬಿರದ ಕಾಗದವನ್ನು ನಿಧಾನವಾಗಿ ಓದಿ, ಪಕ್ಕದ ಸಾಲಿನ ಮೇಲೆ ಬೆರಳಿಟ್ಟರು.

"ಉತ್ತರಕ್ಕ ಮಗಳ ಮುಖ ನೋಡ್ತಾರ ಅಂತ ಬರದಾರ ಇಲ್ಲಿ. ಯಾವ ಪ್ರಶ್ನಿಗೆ ನೋಡಿದ್ರು?"

"ಅಪ್ಪನ ಹೆಸರು ಕೇಳಿದಾಗ್ರಿ. ಅವ್ವ ಹೇಳಂಗಿಲ್ರಿ ಅದನ್ನ, ಯಾವತ್ತೂ ಹೇಳಿಲ್ಲ."

ಡಾಕ್ಟರು ನಕ್ಕರು. "ನಮ್ಮ ಹಗರಿಬೊಮ್ಮನಹಳ್ಳಿ ಅಜ್ಜಿನೂ ಹೇಳ್ತಿದ್ದಿಲ್ಲ. ಮರವು ಇದ್ದೋರು ಉತ್ತರ ಸಿಗದಿದ್ರ ಜೊತಿಗಿದ್ದೋರ ಕಡಿ ತಿರುಗ್ತಾರ, ಅದು ನಮಗ ಒಂದು ಗುರುತು. ಆದ್ರ ಈ ಪ್ರಶ್ನಿಗೆ ಈ ಅಜ್ಜಿ ಅರವತ್ತು ವರ್ಷದಿಂದ ತಿರುಗ್ತಾ ಬಂದಾರ."

ಓಬಳೇಶ್ ಸ್ಕ್ಯಾನಿನ ಮಾತು ತೆಗೆದ. "ದಾವಣಗೆರಿಗೆ ಹೋಗಾಕ ನಾವು ತಯಾರು ಅದೀವ್ರಿ ಮೇಡಂ."

"ಸ್ಕ್ಯಾನ್ ಬೇಕಾದ್ರ ಮಾಡಿಸೋಣಪ್ಪ, ಓಡಿ ಹೋಗಂಗಿಲ್ಲ ಅದು. ಓದಿದೋರಿಗೆ ಮಾಡಿದ ಪ್ರಶ್ನಿ ಓದದೋರಿಗೆ ಕೇಳಿದ್ರ ಗೊತ್ತಾಗೋದು ಶಾಲಿಗೆ ಹೋಗಿಲ್ಲ ಅನ್ನೋದಷ್ಟ. ಮೊದ್ಲು ರಕ್ತ ನೋಡೋಣ, ಥೈರಾಯ್ಡು, ವಿಟಮಿನ್ನು. ಕಣ್ಣು ಕಿವಿ ನೋಡೋಣ. ಏನೇನು ಗುಳಿಗಿ ತಗಂತಾರ ಹೇಳ್ರಿ."

ರೇಣುಕಾ ಸೆರಗಿನ ಗಂಟು ಬಿಚ್ಚಿ ಒಂದು ಹಾಳೆ ಗುಳಿಗೆ ತೋರಿಸಿದಳು. ಧೂಳಿನ ನೆಗಡಿಗೆಂದು ಮೆಡಿಕಲ್ ಶಾಪಿನಲ್ಲಿ ಕೊಟ್ಟದ್ದು. ನೆಗಡಿ ಹೋಗಿ ಯಾವ ಕಾಲವಾಯಿತೋ, ಒಳ್ಳೆ ನಿದ್ದೆ ಬರುತ್ತದೆಂದು ತಿಪ್ಪೇರುದ್ರಮ್ಮ ಬೆಳಿಗ್ಗೆ ಒಂದು ಸಂಜೆ ಒಂದು ನುಂಗುತ್ತ ಬಂದಿದ್ದಳು. ಡಾಕ್ಟರು ಆ ಹಾಳೆಯನ್ನು ತಮ್ಮ ಡ್ರಾಯರಿಗೆ ಹಾಕಿಕೊಂಡರು. ವಯಸ್ಸಾದವರ ತಲೆಗೆ ಇದು ಮಂಪರು ಕವಿಸುತ್ತದೆ, ಇನ್ನು ಮುಟ್ಟಬೇಡಿ ಎಂದರು. ಆಮೇಲೆ ಅಣ್ಣ ತಂಗಿಯನ್ನು ಬೇರೆ ಬೇರೆ ಕೂರಿಸಿ, ಹತ್ತು ವರ್ಷದ ಹಿಂದೆ ಅವ್ವ ಏನೇನು ಮಾಡುತ್ತಿದ್ದಳು, ಈಗ ಯಾವುದು ತಪ್ಪುತ್ತಿದೆ ಎಂದು ಒಂದೊಂದಾಗಿ ಕೇಳಿದರು. ಆರು ವಾರ ಬಿಟ್ಟು ಬನ್ನಿ ಎಂದು ಕಳಿಸಿದರು.

ರಕ್ತದಲ್ಲಿ ವಿಟಮಿನ್ ತಳ ಮುಟ್ಟಿತ್ತು. ಇಂಜೆಕ್ಷನ್ ಶುರುವಾಯಿತು, ಗುಳಿಗೆ ನಿಂತಿತು. ಮೂರನೇ ವಾರದ ಹೊತ್ತಿಗೆ ಮಧ್ಯಾಹ್ನಗಳು ಮತ್ತೆ ಬರೀ ಮಧ್ಯಾಹ್ನಗಳಾದವು. ಬೇವಿನ ನೆರಳು ಗೋಡೆ ಹತ್ತುವುದನ್ನು ಅವಳು ಪೂರ್ತಿ ಎಚ್ಚರದಲ್ಲೇ ನೋಡಿದಳು. ಹಡಗಲಿಯ ಹೊಳೆ ಗಾಳಿ ಬರಲಿಲ್ಲ. ಅದಕ್ಕಾಗಿ ಒಂದು ದಿನ ಅವಳಿಗೆ ಅಳುವೂ ಬಂತು, ಯಾರಿಗೂ ಹೇಳಲಿಲ್ಲ. ಹೇಳಿದರೆ ಗುಳಿಗೆ ನುಂಗಿ ಗಂಡನ ಜೊತೆ ತಿರುಗಾಡಿ ಬರುತ್ತಿದ್ದೆ ಎನ್ನಬೇಕಾಗುತ್ತಿತ್ತು, ಕೇಳಿದವರು ನಗದೆ ಬಿಡುತ್ತಾರೆಯೇ? ಆದರೆ ರೇಣುಕಾ ಈಗ ರೇಣುಕಾಳೇ ಆಗಿದ್ದಳು, ಚಹಾದಲ್ಲಿ ಸಕ್ಕರೆಯೇ ಇತ್ತು. ಮನೆಯವರೆಲ್ಲ ಗಂಡಾಂತರ ಕಳೆಯಿತೆಂದುಕೊಂಡರು. ಅವಳೂ ಹಾಗೇ ಅಂದುಕೊಂಡು, ಡಾಕ್ಟರಮ್ಮ ಹೂಂ ಅಂದರೆ ಸಾಕು ಮತ್ತೆ ಕಲ್ಲು ಹತ್ತುತ್ತೇನೆಂದು ದಿನ ನೋಡುತ್ತಿದ್ದಳು.

ಆರು ವಾರ ಕಳೆದ ಮಂಗಳವಾರ ಡಾಕ್ಟರ ಮೇಜಿನ ಮೇಲೆ ಕಾಗದವೂ ಇರಲಿಲ್ಲ, ಪೆನ್ನೂ ಇರಲಿಲ್ಲ. ಒಂದು ತಟ್ಟೆಯಲ್ಲಿ ಏಳು ವಸ್ತುಗಳಿದ್ದವು. ಕುರಿ ಕೊರಳಿನ ಗಂಟೆ, ಬೀಗದ ಕೈ, ಅಡಿಕೆ, ಬಾಚಣಿಗೆ, ಹಸಿರು ಬಳೆ, ಕತ್ತರಿ, ದಾರದ ಉಂಡೆ. ಡಾಕ್ಟರು ಒಂದೊಂದನ್ನೂ ಅವಳ ಕೈಗೆ ಕೊಟ್ಟು ಹೆಸರು ಹೇಳಿಸಿದರು, ಮತ್ತೆ ತಟ್ಟೆಯಲ್ಲಿಟ್ಟು ಟವೆಲ್ ಮುಚ್ಚಿದರು. ಆಮೇಲೆ ಉಣ್ಣೆ ಕತ್ತರಿಸುವ ಮಾತು, ಕಂಬಳಿ ನೇಯುವವರ ಮಾತು, ಒಂದೇ ವರ್ಷದಲ್ಲಿ ಎರಡು ಸಲ ಈದ ಕುರಿಯ ಮಾತು. ತಿಪ್ಪೇರುದ್ರಮ್ಮ ಕೈ ಕುಣಿಸುತ್ತ ಹೇಳಿದಳು, ಡಾಕ್ಟರು ಬಾಯಿ ಬಿಟ್ಟುಕೊಂಡು ಕೇಳಿದರು. ಹೀಗೆ ಹತ್ತು ನಿಮಿಷ ಹೋಯಿತು.

"ಅಜ್ಜಿ, ಈ ಟವೆಲ್ ಕೆಳಗ ಏನೇನು ಐತಿ ಹೇಳ್ರಿ?"

"ಗಂಟಿ ಐತಿ." ಅದು ಕೂಡಲೇ ಬಂತು. "ಕತ್ರಿ. ಅಡಕಿ."

ಆಮೇಲೆ ಬಿಳಿ. ಟವೆಲ್ ಬೆಳ್ಳಗಿತ್ತು, ಅದರ ಕೆಳಗೂ ಬೆಳ್ಳಗಿತ್ತು. ಇನ್ನೂ ನಾಲ್ಕು ಉಬ್ಬು ಬಟ್ಟೆಯ ಮೇಲೆ ಎದ್ದು ಕಾಣುತ್ತಿದ್ದವು, ಆಗತಾನೇ ಕೈಯಲ್ಲಿ ಹಿಡಿದದ್ದರ ತಣ್ಣಗಿನ ಅನುಭವ ಬೆರಳಿನಲ್ಲಿತ್ತು, ಹೆಸರು ಮಾತ್ರ ಇರಲಿಲ್ಲ. ಮುಳ್ಳು ಸರಿಸಿ ರೊಪ್ಪದೊಳಗೆ ಹೋದರೆ ಕುರಿಯೇ ಇಲ್ಲದಂತೆ. ಅವಳು ಕಾದಳು. ಗೋಡೆಯ ಫ್ಯಾನ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿತು.

ಅವಳ ಮುಖವೂ ತಿರುಗಿತು, ಮಗಳ ಕಡೆಗೆ.

ತಿರುಗಿದ್ದು ಅವಳಿಗೆ ಆಮೇಲೆ ತಿಳಿಯಿತು. ರೇಣುಕಾಳ ಬಾಯಿ ಅಭ್ಯಾಸಬಲದಿಂದ ತೆರೆದು, ಹಾಗೇ ಮುಚ್ಚಿಕೊಂಡಿತು. ಅವಳ ಕಣ್ಣುಗಳು ತುಂಬಿದ್ದವು. ಮಗಳಿಗೆ ಉತ್ತರ ಗೊತ್ತಿದೆ, ಈ ಸಲ ಹೇಳುವಂತಿಲ್ಲ, ಈ ಸಲ ತಾನು ರೂಢಿಗಾಗಿ ತಿರುಗಿದ್ದೂ ಅಲ್ಲ. ಅಷ್ಟೂ ತಿಪ್ಪೇರುದ್ರಮ್ಮನಿಗೆ ಒಂದೇ ನೋಟದಲ್ಲಿ ಅರ್ಥವಾಯಿತು.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಮಕ್ಕಳಿಗಲ್ಲ, ಅವಳಿಗೇ ಹೇಳಿದರು. "ಮಂಪರು ಗುಳಿಗಿಯಿಂದ ಬಂದಿದ್ದು, ಅದು ಹೋತು. ಆದ್ರ ಕೆಳಗ ಇನ್ನೊಂದು ಸಣ್ಣದು ಐತಿ ಅಜ್ಜಿ. ಮರವಿನ ಕಾಯಿಲಿ ಶುರು ಆಗೈತಿ ಅನಸ್ತೈತಿ. ಹಳೇ ನೆನಪು ಗಟ್ಟಿ ಅದಾವ, ಹೊಸಾವು ನಿಂದ್ರವಲ್ವು. ಒಂದ್ಸಲ ಹೊಸಪೇಟಿಯಾಗ ಸ್ಕ್ಯಾನ್ ಮಾಡಿಸೋಣ, ತಲಿಯಾಗ ಬ್ಯಾರೆ ಏನೂ ಇಲ್ಲ ಅಂತ ಖಾತ್ರಿ ಮಾಡ್ಕಳಾಕ. ಮೂರು ತಿಂಗಳಿಗೊಮ್ಮಿ ನನ್ನ ಕಡಿ ಬರ್ರಿ."

"ಆ ಎರಡು ಮರಿ," ಎಂದಳು ತಿಪ್ಪೇರುದ್ರಮ್ಮ. "ಅವು ಹುಟ್ಟಿ ಎಂಟು ದಿನ ಆಗಿತ್ತು."

"ಹೂಂ. ಅದಕ್ಕ ಅವುಗಳ ಮುಖ ನಿಮಗ ಸಿಗಲಿಲ್ಲ."

"ಬಾಗಿಲಾಗ ನಿಂದ್ರಬೌದಾ ನಾನು?"

ಡಾಕ್ಟರು ಓಬಳೇಶನನ್ನು ನೋಡಿದರು. ಓಬಳೇಶ್ ಈ ಸಲ ನೆಲ ನೋಡಲಿಲ್ಲ, ತಾಯಿಯನ್ನು ನೋಡಿದ. "ನಿಂದ್ರಿಸ್ರಪ್ಪ," ಎಂದರು ಡಾಕ್ಟರು. "ಮಾಡೋ ಕೆಲಸ ಬಿಡಿಸಿದ್ರ ಇರೋದೂ ಹೋಗ್ತೈತಿ. ಒಬ್ರು ಜೊತಿಗಿರ್ರಿ, ಅಷ್ಟ."

ಆ ಸಂಜೆ ಬಸ್ಸಿಳಿದು ಮೂವರೂ ನೇರ ರೊಪ್ಪಕ್ಕೇ ಬಂದರು. ಹೊತ್ತು ಇಳಿದು ಬಯಲೆಲ್ಲ ಅರಿಶಿನವಾಗಿತ್ತು. ತಿಪ್ಪೇರುದ್ರಮ್ಮ ಕಲ್ಲು ಹತ್ತಿದಳು, ರೇಣುಕಾ ಕೆಳಗೆ ನಿಂತಳು. ಧೂಳು ಮೊದಲು ಬಂತು, ಹಿಂದೆ ಕುರಿಗಳು ಬಂದವು. ಕರಿಮೂತಿಯ ವಂಶದವಳು, ಅವಳ ಮಗಳು, ಮುರುಕಿವಿ, ಹಂಡಬಂಡ ಬಣ್ಣದ ಹೋತದಂಥ ಟಗರು. ದೊಡ್ಡವನ್ನೆಲ್ಲ ತಾಯಿ ನೋಡಿದಳು, ಈಚಿನ ಮರಿಗಳನ್ನು ಮಗಳು ನೋಡಿದಳು. ಎಲ್ಲವೂ ಬಂದಿದ್ದವು. ಓಬಳೇಶ್ ಮುಳ್ಳು ಎಳೆದು ಬಾಗಿಲು ಮುಚ್ಚಿ ನೀರು ಕುಡಿಯಲು ಮನೆಗೆ ಹೋದ.

ತಿಪ್ಪೇರುದ್ರಮ್ಮ ಕಲ್ಲಿನಿಂದ ಇಳಿಯಲಿಲ್ಲ.

"ಡಾಕ್ಟ್ರಮ್ಮಂದು ಪರೀಕ್ಷಿ ಮೂರು ತಿಂಗಳಿಗೊಮ್ಮಿ," ಎಂದಳು. "ನನಗ ದಿನಾ ಬೇಕು ಒಂದು."

"ಏನು ಪರೀಕ್ಷಿ ಯವ್ವಾ?"

"ಆ ಟವೆಲ್ ಕೆಳಗಿನವು ಹೋದ್ರ ಹೋಗ್ಲಿ ಬಿಡು. ಆದ್ರ ಒಂದು ಹೆಸರು ಐತಿ, ಒಮ್ಮಿನೂ ಬಾಯಿಲೆ ಅಂದಿಲ್ಲ ನಾನು. ಒಳಗ ಐತಿ ಅಂತ ಸುಮ್ಕ ನಂಬಿಕಂಡು ಕುಂತೀನಿ. ಅನ್ನದ ಇಟ್ಟ ಹೆಸರು ಹೋಗಿಬಿಟ್ರ ನನಗ ಹೆಂಗ ಗೊತ್ತಾಗಬೇಕು?"

ರೊಪ್ಪದೊಳಗೆ ಮರಿಗಳು ತಾಯಂದಿರನ್ನು ಹುಡುಕಿಕೊಂಡು ಅರಚುವುದು ಒಂದೊಂದಾಗಿ ನಿಲ್ಲುತ್ತಿತ್ತು. ತಿಪ್ಪೇರುದ್ರಮ್ಮ ಸೆರಗು ಸರಿಮಾಡಿಕೊಂಡಳು, ಮದುವೆಯ ಮನೆಯ ಹೆಂಗಸರೆಲ್ಲ ಇನ್ನೂ ಸುತ್ತ ಕೂತು ಕಾಯುತ್ತಿರುವರೇನೋ ಎನ್ನುವಂತೆ ಅವಳಿಗೆ ನಾಚಿಕೆಯಾಯಿತು. ಕುರಿಗಳ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದಳು.

"ಕರಿಸಿದ್ದಪ್ಪ."

ಅಪ್ಪನ ಹೆಸರು ಅವ್ವನ ದನಿಯಲ್ಲಿ ರೇಣುಕಾ ಕೇಳಿದ್ದು ಅದೇ ಮೊದಲು.

"ಐತಿ," ಎಂದಳು ತಿಪ್ಪೇರುದ್ರಮ್ಮ. ಮಗಳ ಹೆಗಲು ಹಿಡಿದು ಕಲ್ಲಿನಿಂದ ಇಳಿದಳು. "ದಿನಾ ಇಲ್ಲಿ ನಿಂತು ಅಂತೀನಿ, ನೀ ಕೇಳು. ಆ ಹೆಸರಿಗೂ ನಿನ್ನ ಮಾರಿ ನೋಡಿದ ದಿನ, ಏನೂ ಅನ್ನಬ್ಯಾಡ. ಕೈ ಹಿಡಕಂಡು ಮನಿಗೆ ಕರ್ಕಂಡು ಹೋಗು. ಆಮ್ಯಾಲ ಈ ಕಲ್ಲಿನ ಮ್ಯಾಲ ನೀ ನಿಂದ್ರು."

ರೇಣುಕಾ ತಲೆಯಾಡಿಸಿದಳು.

ಮರುದಿನ ಸಂಜೆ ಬಯಲಿನಾಚೆ ಧೂಳು ಕಂಡಾಗ ತಿಪ್ಪೇರುದ್ರಮ್ಮ ಕಲ್ಲು ಹತ್ತಿದಳು. ಮೊದಲು ಹೆಸರು ಹೇಳಿದಳು, ಆಮೇಲೆ ಕುರಿ ನೋಡಿದಳು.